ಬೇಸಿಗೆ ರಜೆ, ಸಣ್ಣ ಮಕ್ಕಳು ಮತ್ತು ಕಪ್ಪತಗುಡ್ಡ

ಏಪ್ರಿಲ್ ಎರಡನೇ ವಾರ ಶಾಲೆ ಮುಗಿದು ಫಲಿತಾಂಶ ಕೈಗೆ ಬಂತೆಂದರೆ ಗದಗ-ಬೆಟಗೇರಿಯ ಮನೆಗಳಲ್ಲಿ ಒಂದೇ ಮಾತು: ಈ ಬಿಸಿಲು ಬಿಟ್ಟು ಮಕ್ಕಳನ್ನು ಎಲ್ಲಾದರೂ ತಂಪು ಇರುವ ಕಡೆ ಕರೆದುಕೊಂಡು ಹೋಗಬೇಕು. ಊಟಿ, ಮಡಿಕೇರಿ, ಚಿಕ್ಕಮಗಳೂರು ಎಂದು ಊರುಗಳ ಹೆಸರು ಬರುತ್ತವೆ. ನೌಕರಿಯ ರಜೆ, ಗಾಡಿ ಬಾಡಿಗೆ, ಲಾಡ್ಜಿನ ದರ ಎಲ್ಲ ಕೂಡಿಸಿ ಕಳೆಯುವಷ್ಟರಲ್ಲಿ ಮೇ ಅರ್ಧ ಮುಗಿದಿರುತ್ತದೆ. ಮಾಳಿಗೆ ಹತ್ತಿ ನಿಂತರೆ ಕಾಣುವ ಕಪ್ಪತಗುಡ್ಡದ ನೆನಪು ಮಾತ್ರ ಯಾರಿಗೂ ಆಗುವುದಿಲ್ಲ. ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಗುಡ್ಡದ ಪ್ರವಾಸ ನಮ್ಮ ಸೀಮೆಯಲ್ಲಿ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಈ ಗುಡ್ಡಕ್ಕೆ ಅದರದೇ ಹೊತ್ತು ಇದೆ. ಆ ಹೊತ್ತು ತಪ್ಪಿ ಹೋದರೆ ಮಕ್ಕಳಿಗೆ ಸಂಕಟ, ಹಿರಿಯರಿಗೆ ಭಯ.

ಗದಗ ಹತ್ತಿರದ ಬಿಂಕದಕಟ್ಟಿಯಿಂದ ಶುರುವಾಗುವ ಈ ಗುಡ್ಡಸಾಲು ಶಿರಹಟ್ಟಿ, ಮುಂಡರಗಿ ತಾಲೂಕುಗಳನ್ನು ಹಾದು, ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ 60 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚಾಚಿಕೊಂಡಿದೆ. ನಡುವೆ ಡೋಣಿಯ ಮೇಲ್ಭಾಗದಲ್ಲಿ ಕಪ್ಪತ ಮಲ್ಲಯ್ಯನ ಗುಡಿ, ನಂದಿವೇರಿ ಮಠ, ಅದಕ್ಕೂ ಎತ್ತರದಲ್ಲಿ ಗಾಳಿಗುಂಡಿ ಬಸವಣ್ಣ. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ ಇದು. ನಾಟಿ ವೈದ್ಯರು ತಲೆಮಾರುಗಳಿಂದ ಬೇರು, ತೊಗಟೆ, ಸೊಪ್ಪು ಹುಡುಕಿಕೊಂಡು ಬಂದದ್ದು ಇಲ್ಲಿಗೇ.

ಮೊದಲು ತಂಪಿನ ಲೆಕ್ಕ ನೋಡೋಣ. ಸಾವಿರ ಮೀಟರ್ ಮೇಲೆ ಹೋದರೆ ಗಾಳಿಯ ಉಷ್ಣತೆ ಸುಮಾರು 6 ಡಿಗ್ರಿಯಷ್ಟು ಇಳಿಯುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಂತೆ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಗದಗ ಈಗಾಗಲೇ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಊಟಿ 2,240 ಮೀಟರ್. ಅಂದರೆ ಎತ್ತರವೊಂದರಿಂದಲೇ ಅಲ್ಲಿ 9-10 ಡಿಗ್ರಿ ಕಡಿಮೆ. ಮಡಿಕೇರಿ ನಮಗಿಂತ 500 ಮೀಟರಿನಷ್ಟು ಮಾತ್ರ ಮೇಲಿದೆ, ಎತ್ತರದಿಂದ ಸಿಗುವ ಲಾಭ ಬರೀ 3 ಡಿಗ್ರಿ. ಉಳಿದ ತಂಪೆಲ್ಲ ಅಲ್ಲಿಯ ಮರಗಳದು, ಮೋಡದ್ದು. ಕಪ್ಪತಗುಡ್ಡ ಸುತ್ತಲಿನ ಬಯಲಿಗಿಂತ ಕೆಲವೇ ನೂರು ಮೀಟರ್ ಮೇಲೆದ್ದಿದೆ. ಹಾಗಾಗಿ ಮಧ್ಯಾಹ್ನ ಗದಗಿನಲ್ಲಿ 38 ಡಿಗ್ರಿ ಇದ್ದರೆ ಗುಡ್ಡದ ನೆತ್ತಿಯಲ್ಲಿ ಒಂದೆರಡು ಡಿಗ್ರಿ ಇಳಿದಿರಬಹುದು, ಅಷ್ಟೇ. ಮಗುವಿನ ಮೈಗೆ ಆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ.

ಬೇಸಿಗೆಯ ಹಗಲಲ್ಲಿ ಗುಡ್ಡದ ಮೇಲೆ ಊರಿಗಿಂತ ಹೆಚ್ಚು ಕಷ್ಟ ಎನ್ನಲು ಎರಡು ಕಾರಣಗಳಿವೆ. ಒಂದು, ಇಲ್ಲಿಯದು ಎಲೆ ಉದುರಿಸುವ ಒಣ ಕಾಡು. ನೀರು ಉಳಿಸಿಕೊಳ್ಳಲು ಮರಗಳು ಬೇಸಿಗೆಗೆ ಮೊದಲೇ ಎಲೆ ಕಳಚಿರುತ್ತವೆ, ಆದ್ದರಿಂದ ನೆರಳು ಬೇಕೇಬೇಕು ಅನ್ನುವ ತಿಂಗಳಲ್ಲೇ ನೆರಳು ಇರುವುದಿಲ್ಲ. ಇನ್ನೊಂದು ಕಲ್ಲು. ಕಬ್ಬಿಣದ ಅದಿರು ಬೆರೆತ ಕರಿಗೆಂಪು ಕಲ್ಲು ಬಿಸಿಲನ್ನು ಹೀರಿ, ಹನ್ನೊಂದರ ಹೊತ್ತಿಗೆಲ್ಲ ಮುಟ್ಟಲಾರದಷ್ಟು ಕಾಯುತ್ತದೆ. ದೊಡ್ಡವರ ಮುಖ ನೆಲದಿಂದ ಐದು ಅಡಿ ಮೇಲೆ, ಮೂರು ವರ್ಷದ ಮಗುವಿನ ಮುಖ ಎರಡೂವರೆ ಅಡಿಯಲ್ಲಿ. ಕಲ್ಲಿನಿಂದ ಏಳುವ ಝಳ ಮೊದಲು ಹೊಡೆಯುವುದು ಮಗುವಿಗೆ. ಅದರ ಮೇಲೆ, ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ದೊಡ್ಡದು, ಬೆವರು ಕಡಿಮೆ. ಬಿಸಿ ಬೇಗ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ.

ನಸುಕಿನಲ್ಲಿ ಇದೆಲ್ಲ ತಿರುಗಿ ಬೀಳುತ್ತದೆ. ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ ನೆಲ ಹಗಲು ಹೀರಿದ ಕಾವನ್ನು ರಾತ್ರಿ ಬೇಗ ಬಿಟ್ಟುಕೊಡುತ್ತದೆ. ಬೆಳಗಿನ ಐದು-ಆರರ ಹೊತ್ತಿಗೆ ದಿನದ ಕನಿಷ್ಠ ಉಷ್ಣತೆ. ಪಶ್ಚಿಮದಿಂದ ಬರುವ ಗಾಳಿ ಗುಡ್ಡಸಾಲಿಗೆ ಬಡಿದು, ಏಣಿನ ಮೇಲೆ ಹಿಂಡಿಕೊಂಡು ಹಾಯುವಾಗ ಅದರ ವೇಗವೂ ಹೆಚ್ಚುತ್ತದೆ. ಮೇ ತಿಂಗಳ ನಸುಕಿನಲ್ಲಿ ಮೇಲೆ ನಿಂತ ಮಕ್ಕಳಿಗೆ ಒಂದು ತೆಳು ಸ್ವೆಟರ್ ಬೇಕಾದೀತು. ಮೇ ತಿಂಗಳಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರರ ಸುಮಾರಿಗೆ. ಐದು ಗಂಟೆಗೆ ಗದಗ ಬಿಡಿ, ಬೆಳಕು ಹರಿಯುವಾಗ ಗುಡ್ಡದ ಬುಡದಲ್ಲಿರಿ, ಒಂಬತ್ತೂವರೆಗೆ ಇಳಿದುಬಿಡಿ. ಇಷ್ಟೇ ಇದರ ಸೂತ್ರ. ಮಧ್ಯಾಹ್ನ ಹೋಗಿ ಸೂರ್ಯಾಸ್ತ ನೋಡಿ ಬರೋಣ ಎನ್ನುವವರಿದ್ದಾರೆ. ಸಣ್ಣ ಮಕ್ಕಳಿದ್ದರೆ ನಾನು ಬೇಡವೆನ್ನುತ್ತೇನೆ: ದಿನದ ಬಿಸಿ ತುದಿಗೇರುವುದು ಮಧ್ಯಾಹ್ನ ಮೂರು-ನಾಲ್ಕಕ್ಕೆ, ಕಲ್ಲು ಏಳರ ತನಕ ಕಾದೇ ಇರುತ್ತದೆ, ಗುಡುಗು-ಸಿಡಿಲಿನ ಹೊತ್ತೂ ಅದೇ, ಇಳಿಯುವಾಗ ಕತ್ತಲು.

ಹೊರಡುವ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡುವುದು ತಪ್ಪಬಾರದು. ಕಪ್ಪತಗುಡ್ಡ ಈಗ ವನ್ಯಜೀವಿಧಾಮ. 2015ರ ಡಿಸೆಂಬರಿನಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿ, 2016ರಲ್ಲಿ ಹಿಂದಕ್ಕೆ ಪಡೆಯಿತು. ಆಗ ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರು ಮುಂದೆ ನಿಂತು ಜನರನ್ನು ಬೀದಿಗಿಳಿಸಿದರು. 2017ರಲ್ಲಿ ಆ ಸ್ಥಾನ ಮರಳಿ ಸಿಕ್ಕಿತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಕತ್ತೆಕಿರುಬ, ತೋಳ, ಚಿರತೆ, ಕೊಂಡಕುರಿ, ಮುಳ್ಳುಹಂದಿ, ನವಿಲು ಇಲ್ಲಿ ಉಳಿದಿರುವುದಕ್ಕೆ ಈ ಊರಿನ ಜನರೇ ಕಾರಣ ಎಂದು ಮಕ್ಕಳಿಗೆ ಹೇಳಿ. ಗುಡ್ಡ ನಮ್ಮದು ಅನ್ನುವುದರ ಅರ್ಥ ಅವರಿಗೆ ಹಾಗೆ ತಿಳಿಯುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲ್ಲಿಗೆ ಅನ್ವಯಿಸುವುದರಿಂದ ಒಳಗೆ ಎಲ್ಲಿ ಹೋಗಬಹುದು, ಎಲ್ಲಿ ಕೂಡದು ಎಂಬುದನ್ನು ಇಲಾಖೆಯೇ ಹೇಳಬೇಕು. ಬೇಸಿಗೆಯಲ್ಲಿ ಇದಕ್ಕೆ ಇನ್ನೊಂದು ಕಾರಣ ಬೆಂಕಿ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಬಾದಿ ಹುಲ್ಲು ಜನವರಿ ಕಳೆಯುತ್ತಲೇ ಒಣಗಿ ನಿಲ್ಲುತ್ತದೆ. ಒಂದು ಕಿಡಿ ಬಿದ್ದರೆ ಗಾಳಿಗೆ ಇಡೀ ಏಣು ಹತ್ತಿಕೊಳ್ಳುತ್ತದೆ. ಬೆಂಕಿ ಬಿದ್ದ ದಿನಗಳಲ್ಲಿ ದಾರಿ ಮುಚ್ಚಿರಬಹುದು. ಸ್ಟೌ, ಬೀಡಿ, ಬೆಂಕಿಪೊಟ್ಟಣ ಕೆಳಗೇ ಇರಲಿ. ಮೇಲೆ ಹೋಗಿ ಚಹಾ ಕಾಸುವ ಆಸೆಯನ್ನು ಒಂದು ಥರ್ಮಾಸ್ ತೀರಿಸುತ್ತದೆ. ದೂರದಲ್ಲಿ ಹೊಗೆ ಕಂಡರೆ ಮಕ್ಕಳನ್ನು ಕರೆದುಕೊಂಡು ಆ ಕ್ಷಣವೇ ಇಳಿಯಬೇಕು. ಬೆಂಕಿ ಏರಿನಲ್ಲಿ ಮೇಲ್ಮುಖವಾಗಿ ವೇಗವಾಗಿ ಓಡುತ್ತದೆ. ಆದ್ದರಿಂದ ಅದಕ್ಕಿಂತ ಮೇಲೆ ಹತ್ತಿ ತಪ್ಪಿಸಿಕೊಳ್ಳುವ ಯೋಚನೆ ಬೇಡ, ಪಕ್ಕಕ್ಕೆ ಸರಿದು ಕೆಳಗೆ ಬನ್ನಿ.

ಗದಗ-ಬೆಟಗೇರಿಯವರಿಗೆ ಡಂಬಳ-ಡೋಣಿಯ ದಾರಿ ಸಲೀಸು. ಡಂಬಳ 20 ಕಿಲೋಮೀಟರಿನ ಆಸುಪಾಸು, ಡೋಣಿ ಅದರಿಂದ ಸ್ವಲ್ಪವೇ ಮುಂದೆ. ಶಿರಹಟ್ಟಿ, ಲಕ್ಷ್ಮೇಶ್ವರದವರಿಗೆ ಕಡಕೋಳದ ಕಡೆಯಿಂದ ಗುಡ್ಡ ಹತ್ತಿರ. ಮುಂಡರಗಿಯವರು ಬೇರೆಯೇ ಲೆಕ್ಕ ಹಾಕಬಹುದು. ಊರಲ್ಲೇ ಕನಕರಾಯನ ಗುಡ್ಡ ಇದೆ, ಮೂರು-ನಾಲ್ಕು ವರ್ಷದ ಮಗುವಿಗೆ ಮೊದಲ ಗುಡ್ಡ ಹತ್ತಿಸಲು ಇಂಥ ಸಣ್ಣ ಏರೇ ಸರಿ. ಸಿಂಗಟಾಲೂರಿನಲ್ಲಿ ವೀರಭದ್ರೇಶ್ವರನ ಗುಡಿಯೂ ಇದೆ, ಹೊಳೆಯೂ ಇದೆ. ಆದರೆ ಬ್ಯಾರೇಜು ಇರುವ ಕಡೆ ಹೊಳೆಯ ನೀರಿನ ಮಟ್ಟ ಹೇಳದೆ ಕೇಳದೆ ಏರುತ್ತದೆ. ನೀರು ಮೊಣಕಾಲಿನಷ್ಟೇ ಇದ್ದರೂ ಅಲ್ಲಿ ಮಕ್ಕಳನ್ನು ಇಳಿಸಬೇಡಿ.

ಮಾಗಡಿ ಕೆರೆಯ ಹೆಸರೂ ಈ ಪಟ್ಟಿಯಲ್ಲಿ ಬರುವುದುಂಟು. ಶಿರಹಟ್ಟಿ ತಾಲೂಕಿನ ಈ ಕೆರೆಗೆ 2024ರಲ್ಲಿ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿದೆ. ಅದಕ್ಕೆ ಕಾರಣವಾದ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಮುಗಿಯುತ್ತಲೇ ಹಿಮಾಲಯದಾಚೆಗೆ ಹಾರಿಹೋಗಿರುತ್ತವೆ. ಮೇನಲ್ಲಿ ಮಕ್ಕಳನ್ನು ಕರೆದೊಯ್ದು ಖಾಲಿ ಕೆರೆ ತೋರಿಸುವುದಕ್ಕಿಂತ ಡಿಸೆಂಬರಿನ ಒಂದು ಭಾನುವಾರಕ್ಕೆ ಇಟ್ಟುಕೊಳ್ಳಿ.

ನಸುಕಿನಲ್ಲೇ ಗುಡ್ಡ ಮುಟ್ಟಬೇಕೆಂದರೆ ಬಸ್ಸನ್ನು ನಂಬಿ ಕೂತರೆ ಆಗುವುದಿಲ್ಲ. ಡಂಬಳ, ಡೋಣಿ, ಕಡಕೋಳದಲ್ಲಿ ನೆಂಟರಿದ್ದರೆ ಹಿಂದಿನ ಸಂಜೆ ಬಸ್ಸಿನಲ್ಲಿ ಹೋಗಿ ತಂಗುವುದು ಎಲ್ಲಕ್ಕಿಂತ ಸುಖ. ಮಕ್ಕಳು ನಿದ್ದೆಗಣ್ಣಲ್ಲಿ ಪ್ರಯಾಣ ಮಾಡುವುದು ತಪ್ಪುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚೂ ಇಲ್ಲ. ಕಾರು ಮಾಡಿಕೊಂಡು ಹೋಗುವವರು ಎರಡು ಮಾತು ನೆನಪಿಡಬೇಕು: ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಬಾರದು, ಮಲಗಿದ ಮಗುವನ್ನು ಎಬ್ಬಿಸುವುದೇಕೆಂದು ಗಾಜು ಏರಿಸಿದ ಕಾರಿನಲ್ಲಿ ಬಿಡಬಾರದು. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. "ಐದೇ ನಿಮಿಷ, ಕೈ ಮುಗಿದು ಬರ್ತೀವಿ" ಎಂದು ಇಳಿದವರು ಐದು ನಿಮಿಷಕ್ಕೆ ಮರಳುವುದಿಲ್ಲ.

ಇನ್ನು ನಡಿಗೆ. ನಾಲ್ಕು ವರ್ಷದ ಮಗು ಏರಿನಲ್ಲಿ ತಾಸಿಗೆ ಒಂದು ಕಿಲೋಮೀಟರ್ ನಡೆದರೆ ಹೆಚ್ಚಾಯಿತು. ಕಾಲಿಗೆ ಶಕ್ತಿ ಇಲ್ಲವೆಂದಲ್ಲ, ಪ್ರತಿ ಕಲ್ಲಿಗೂ ನಿಲ್ಲಬೇಕು, ಪ್ರತಿ ಇರುವೆ ಸಾಲಿನ ಹಿಂದೆಯೂ ಹೋಗಬೇಕು ಅದಕ್ಕೆ. ಶಿಖರ ಮುಟ್ಟುವ ಹಟ ಹಿರಿಯರದ್ದೇ ಹೊರತು ಮಕ್ಕಳದ್ದಲ್ಲ. ವಾಹನ ಹೋಗುವ ತನಕ ವಾಹನದಲ್ಲಿ ಹೋಗಿ, ಗುಡಿಯ ಸುತ್ತ ಅರ್ಧ-ಮುಕ್ಕಾಲು ಕಿಲೋಮೀಟರ್ ಓಡಾಡಿದರೂ ಅವರ ಪಾಲಿಗೆ ಗುಡ್ಡ ಹತ್ತಿದ ಹಾಗೆಯೇ. ಹಿರಿಯರೊಬ್ಬರು ಸಾಲಿನ ಮುಂದೆ, ಒಬ್ಬರು ಹಿಂದೆ, ಮಕ್ಕಳು ನಡುವೆ. ಒಂದು ವರ್ಷದೊಳಗಿನ ಕೂಸನ್ನು ಜೋಳಿಗೆಯಲ್ಲಿ ಕಟ್ಟಿಕೊಂಡರೆ ಅದರ ಗದ್ದ ಎದೆಗೆ ಒತ್ತದಂತೆ, ಮುಖ ಸದಾ ಕಾಣುವಂತೆ ಕಟ್ಟಬೇಕು. ಗದ್ದ ಒತ್ತಿದರೆ ಎಳೆ ಕೂಸಿಗೆ ಉಸಿರಾಟದ ದಾರಿಯೇ ಅಮುಕಿಹೋಗುತ್ತದೆ.

ಮಕ್ಕಳಿಗೆ ಒಂದು ಆಟ ಹೇಳಿಕೊಡಿ. ಮನೆಯಿಂದ ಸಣ್ಣ ಅಯಸ್ಕಾಂತ ಒಂದನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗಿ. ದಾರಿಯ ಬದಿಯ ಕೆಂಪು ಧೂಳಿನಲ್ಲಿ ಮಗು ಅದನ್ನು ಮೆಲ್ಲಗೆ ಎಳೆಯಲಿ. ಸ್ವಲ್ಪ ಹೊತ್ತಿನಲ್ಲೇ ಕಪ್ಪು ಮರಳಿನಂಥ ಕಣಗಳು ಮೀಸೆಯಂತೆ ನಿಗುರಿ ಅಂಟಿಕೊಳ್ಳುತ್ತವೆ. ಅದು ಕಬ್ಬಿಣದ ಅದಿರು. ಈ ಗುಡ್ಡದ ಕಲ್ಲುಗಳು ಧಾರವಾಡ ಶಿಲಾಸ್ತರಕ್ಕೆ ಸೇರಿದವು, 250 ಕೋಟಿ ವರ್ಷಗಳಿಗೂ ಹಳೆಯವು. ಭೂಮಿಯ ಮೇಲೆ ಗಿಡ, ಮೀನು, ಪ್ರಾಣಿ ಏನೂ ಇಲ್ಲದ ಕಾಲದಲ್ಲಿ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ. ಕೆಲವು ಬಂಡೆಗಳಲ್ಲಿ ಕೆಂಪು-ಕಪ್ಪು ಪಟ್ಟಿಗಳು ಬರಿಗಣ್ಣಿಗೇ ಕಾಣುತ್ತವೆ. ಚೀಲ ಬಿಚ್ಚಿ ಅಯಸ್ಕಾಂತ ಹೊರತೆಗೆದರೆ ಕಣಗಳು ಅಲ್ಲೇ ಉದುರುತ್ತವೆ. ಕಲ್ಲನ್ನಾಗಲೀ ಗಿಡದ ಟೊಂಗೆಯನ್ನಾಗಲೀ ಮನೆಗೆ ತರುವಂತಿಲ್ಲ ಎಂಬುದನ್ನು ಆಗಲೇ ಹೇಳಿಬಿಡಬಹುದು.

ಏಣಿನ ಮೇಲಿನ ಗಾಳಿಯಂತ್ರಗಳು ಮಕ್ಕಳಿಗೆ ಇನ್ನೊಂದು ಬೆರಗು. ದೂರಕ್ಕೆ ರೆಕ್ಕೆ ನಿಧಾನ ತಿರುಗಿದಂತೆ ಕಾಣುತ್ತದೆ. ಆದರೆ ಒಂದೊಂದು ರೆಕ್ಕೆಯೂ ಹತ್ತಾರು ಮೀಟರ್ ಉದ್ದ ಇರುವುದರಿಂದ ಅದರ ತುದಿ ಹೆದ್ದಾರಿಯ ಕಾರಿಗಿಂತ ಜೋರಾಗಿ ಓಡುತ್ತಿರುತ್ತದೆ. ಊಟದ ನಂತರ ಕೈಬೆರಳಲ್ಲಿ ರೆಕ್ಕೆಯ ಸುತ್ತು ಎಣಿಸಿ ಎಂದರೆ ಅರ್ಧ ತಾಸು ಸದ್ದಿಲ್ಲ. ಯಂತ್ರದ ಬುಡಕ್ಕಾಗಲೀ ಅದರ ಪಕ್ಕದ ಟ್ರಾನ್ಸ್‌ಫಾರ್ಮರ್ ಬೇಲಿಯ ಹತ್ತಿರಕ್ಕಾಗಲೀ ಹೋಗಬಾರದು, ದೂರದಿಂದಲೇ ನೋಡಬೇಕು.

ಕಲ್ಲು ಎತ್ತುವುದಕ್ಕೆ ಮಾತ್ರ ಕಟ್ಟುನಿಟ್ಟಿನ ಬೇಲಿ ಹಾಕಿ. ಬಿಸಿಲಿಗೆ ಹೆದರಿ ಚೇಳು ಕಲ್ಲಿನ ಕೆಳಗೆ ಅಡಗಿರುತ್ತದೆ. ದೊಡ್ಡವರಿಗೆ ಕೆಂಪು ಚೇಳು ಕಡಿದರೆ ರಾತ್ರಿಯಿಡೀ ನೋವು, ಸಣ್ಣ ಮಕ್ಕಳಿಗೆ ಅದು ಹೃದಯಕ್ಕೂ ಶ್ವಾಸಕೋಶಕ್ಕೂ ತಟ್ಟಬಹುದು. ಮೈ ಬೆವರಿ ಕೈಕಾಲು ತಣ್ಣಗಾಗುವುದು, ವಾಂತಿ, ಏದುಸಿರು ಇದರ ಗುರುತು. ಆದರೆ ಗುರುತು ಕಾಣಲಿ ಎಂದು ಕಾಯಬಾರದು. ಮಗುವಿಗೆ ಚೇಳು ಕಡಿದಿದೆ ಎಂದು ಗೊತ್ತಾದ ಕೂಡಲೇ ಆಸ್ಪತ್ರೆಯ ದಾರಿ ಹಿಡಿಯಬೇಕು. ಹಾವಿನ ವಿಷಯವೂ ಹಾಗೆಯೇ. ಕಲ್ಲುಗುಡ್ಡದಲ್ಲಿ ಮಂಡಲದ ಹಾವುಗಳಿವೆ. ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಡಿದ ಕೈ ಅಥವಾ ಕಾಲು ಅಲುಗದಂತೆ ಹಿಡಿದು, ಮಗುವನ್ನು ನಡೆಸದೆ ಎತ್ತಿಕೊಂಡು ಇಳಿಯಿರಿ, 108ಕ್ಕೆ ಕರೆ ಮಾಡಿ. ಶಿರಹಟ್ಟಿ, ಮುಂಡರಗಿಯ ತಾಲೂಕು ಆಸ್ಪತ್ರೆ ಅಥವಾ ಗದಗಿನ ಜಿಮ್ಸ್ ಆಸ್ಪತ್ರೆ, ನಿಂತ ಜಾಗದಿಂದ ಯಾವುದು ಹತ್ತಿರವೋ ಅಲ್ಲಿಗೆ. ಗುಡ್ಡದ ಮಗ್ಗುಲಲ್ಲಿ ಎಲ್ಲ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಹಾಗಾಗಿ ಕೆಳಗೆ ಊರಲ್ಲಿ ಒಬ್ಬರಿಗೆ ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಹೇಳಿಟ್ಟು ಹತ್ತಿ. ಬಂಡೆಯ ಚಾಚಿನಲ್ಲಿ ಹೆಜ್ಜೇನು ತೂಗಿದ್ದರೆ ಅಲ್ಲಿ ಕೂಗಾಟ, ಕಲ್ಲೆಸೆತ ಬೇಡವೇ ಬೇಡ. ಅತ್ತರು ಹಚ್ಚಿಕೊಂಡು ಹೋಗುವುದೂ ಒಳ್ಳೆಯದಲ್ಲ.

ನೀರನ್ನು ಮನೆಯಿಂದಲೇ ಹೊತ್ತೊಯ್ಯಬೇಕು. ಬೇಸಿಗೆಯಲ್ಲಿ ಗುಡ್ಡದ ಝರಿ, ಹೊಂಡಗಳು ಬತ್ತಿರುತ್ತವೆ, ಅಲ್ಲಲ್ಲಿ ಉಳಿದ ನೀರು ಪ್ರಾಣಿಗಳದು. ಬೆಳಗಿನ ನಾಲ್ಕು ತಾಸಿಗೆ ಮಗುವಿಗೊಂದು ಲೀಟರ್, ಹಿರಿಯರಿಗೆ ಎರಡು, ಅದರ ಮೇಲೆ ಕೈಕಾಲು ತೊಳೆಯಲು ಒಂದು ಕ್ಯಾನ್ ಗಾಡಿಯಲ್ಲಿ ಇರಲಿ. ಬಾಟಲಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಗಾಳಿಗೆ ಇಟ್ಟರೆ ನೀರು ತಣ್ಣಗಾಗುತ್ತದೆ. ಬಟ್ಟೆಯ ನೀರು ಆವಿಯಾಗುವಾಗ ಬಾಟಲಿಯ ಕಾವನ್ನೇ ಹೊತ್ತೊಯ್ಯುತ್ತದೆ, ಒಣ ಹವೆಯಿದ್ದಷ್ಟೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕಾರವಾರದ ಕಡಲ ದಂಡೆಯಲ್ಲಿ ಇದೇ ಬಟ್ಟೆ ಒದ್ದೆಯಾಗಿಯೇ ಉಳಿದು, ನೀರು ಬೆಚ್ಚಗೇ ಇರುತ್ತದೆ.

ಆಟದಲ್ಲಿ ಮುಳುಗಿದ ಮಗು ನೀರು ಕೇಳುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ನೀವೇ ಕರೆದು ನಾಲ್ಕು ಗುಟುಕು ಕುಡಿಸಿ. ಆರು ತಿಂಗಳೊಳಗಿನ ಕೂಸಿಗೆ ನೀರು ಕೊಡಬಾರದು, ತಾಯಿಯ ಹಾಲನ್ನೇ ಮೇಲಿಂದ ಮೇಲೆ ಕೊಡಬೇಕು, ತಾಯಿ ಹೆಚ್ಚು ಕುಡಿಯಬೇಕು. ಮೂತ್ರದ ಬಣ್ಣ ನೋಡಿ: ತಿಳಿಹಳದಿ ಇದ್ದರೆ ಸರಿ, ಕಡುಹಳದಿಯಾದರೆ ನೀರು ಸಾಲುತ್ತಿಲ್ಲ. ಆರೆಂಟು ತಾಸು ಮೂತ್ರವೇ ಇಲ್ಲದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ ವೈದ್ಯರ ಹತ್ತಿರ ಹೋಗಬೇಕು. ವಾಂತಿಭೇದಿಗೆ ಓಆರ್‌ಎಸ್ ಪುಡಿಯ ಪೊಟ್ಟಣ ಸದಾ ಚೀಲದಲ್ಲಿರಲಿ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಸಣ್ಣದಕ್ಕೆ ಅದರ ಮೇಲೆ ಬರೆದಷ್ಟು. ಕಡಿಮೆ ನೀರಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ತೊಂದರೆ. ಪೊಟ್ಟಣ ಇಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಣ್ಣ ಚಮಚದಿಂದ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಂಗಡಿಯ ಸಿಹಿ ಪಾನೀಯಗಳು ಇದರ ಬದಲಿಗೆ ಬರುವುದಿಲ್ಲ, ಅವುಗಳ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಬಿಸಿಲಲ್ಲಿ ಮಗು ಮಂಕಾಗಿ, ಮೈ ಸುಡುತ್ತಿದ್ದು, ಮಾತು ತೊದಲಿದರೆ ಅದು ಬಿಸಿಲಾಘಾತ. ನೆರಳಿಗೆ ತಂದು, ಬಟ್ಟೆ ತೆಗೆದು, ಮೈಮೇಲೆಲ್ಲ ನೀರು ಹಾಕಿ ಬೀಸುತ್ತ 108 ಕರೆಸಿ. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ನೀರು ಹಾಕಬಾರದು.

ಬುತ್ತಿಯ ವಿಷಯದಲ್ಲಿ ನಮ್ಮ ಹಿರಿಯರು ಕಂಡುಕೊಂಡದ್ದನ್ನು ಮೀರಿಸುವ ತಿನಿಸು ಇನ್ನೂ ಬಂದಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿಯಲ್ಲಿ ನೀರಿನಂಶವೇ ಇಲ್ಲ. ನೀರಿಲ್ಲದೆ ಸೂಕ್ಷ್ಮಾಣು ಬೆಳೆಯುವುದಿಲ್ಲ, ಹಾಗಾಗಿ ಮೇ ತಿಂಗಳ ಬಿಸಿಲಲ್ಲೂ ಅವು ಹಳಸುವುದಿಲ್ಲ. ಕಟಕ ರೊಟ್ಟಿ ಜಗಿಯಲಾರದ ಮಗುವಿಗೆ ಸಜ್ಜಕದ ಹೋಳಿಗೆ ಅಥವಾ ಚಪಾತಿಗೆ ಬೆಲ್ಲ-ತುಪ್ಪ ಸವರಿ ಸುತ್ತಿಕೊಡಿ. ಮೊಸರನ್ನ ಒಯ್ಯುವುದಾದರೆ ಎಂಟು-ಎಂಟೂವರೆಯೊಳಗೆ ತಿಂದು ಮುಗಿಸಬೇಕು. ಉಳಿದದ್ದನ್ನು ಮಧ್ಯಾಹ್ನಕ್ಕೆ ಇಡುವುದು ಬೇಡ. ಬೇಯಿಸಿದ ಅನ್ನ ಬೆಚ್ಚಗಿನ ಡಬ್ಬಿಯಲ್ಲಿ ತಾಸುಗಟ್ಟಲೆ ಇದ್ದರೆ ಅದರಲ್ಲಿ ಬೆಳೆಯುವ ಸೂಕ್ಷ್ಮಾಣುವಿನ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಸೌತೆಕಾಯಿಯನ್ನು ಹೆಚ್ಚಿ ಒಯ್ಯದೆ ಇಡಿಯಾಗಿ ಒಯ್ದು ಅಲ್ಲಿಯೇ ಹೆಚ್ಚಿ. ಮಂಗಗಳ ಎದುರು ಡಬ್ಬಿ ಬಿಚ್ಚಬೇಡಿ. ಬುತ್ತಿಯ ಕಾಗದ, ಚೀಲ, ಬಾಟಲಿಯ ಮುಚ್ಚಳ ಸಹ ನಿಮ್ಮೊಂದಿಗೇ ಇಳಿಯಲಿ.

ಬಟ್ಟೆಯಲ್ಲಿ ಒಂದು ಹಳೆಯ ವಸ್ತುವನ್ನು ನೆನಪಿಸಬೇಕು. ನಮ್ಮ ಕಡೆ ಕೂಸಿಗೆ ಹಾಕುವ ಕುಂಚಿಗಿ ಇದೆಯಲ್ಲ, ತಲೆ ಮುಚ್ಚಿ ಬೆನ್ನಿನ ತನಕ ಇಳಿಯುವಂಥದ್ದು. ತೆಳು ಹತ್ತಿ ಬಟ್ಟೆಯಲ್ಲಿ, ಅಸ್ತರಿ ಇಲ್ಲದೆ ಹೊಲಿಸಿದರೆ ಅದು ಬಿಸಿಲಿಗೆ ಟೊಪ್ಪಿಗೆಗಿಂತ ಎಷ್ಟೋ ಮೇಲು. ಟೊಪ್ಪಿಗೆ ನೆತ್ತಿಗೆ ಮಾತ್ರ ನೆರಳು ಕೊಡುತ್ತದೆ, ಬಗ್ಗಿ ಆಡುವ ಮಗುವಿನ ಕತ್ತಿನ ಹಿಂಭಾಗ ಬಿಸಿಲಿಗೇ ಬೀಳುತ್ತದೆ. ಕುಂಚಿಗಿಯಲ್ಲಿ ಆ ಚಿಂತೆ ಇಲ್ಲ. ಮೂರು-ನಾಲ್ಕು ವರ್ಷದವರಿಗೂ ಸ್ವಲ್ಪ ದೊಡ್ಡ ಅಳತೆಯಲ್ಲಿ ಹೊಲಿಸಿಕೊಳ್ಳಬಹುದು. ಕಾಲಿಗೆ ಚಪ್ಪಲಿ ಬೇಡ, ಬೆರಳು ಮುಚ್ಚುವ ಬೂಟು, ಉದ್ದನೆಯ ಕಾಲುಚೀಲ. ಇನ್ನೊಂದು ಜೊತೆ ಕಾಲುಚೀಲ ಹೆಚ್ಚಿಗೆ ಇಡಿ, ಅದರ ಉಪಯೋಗ ಗುಡಿಯ ಅಂಗಳದಲ್ಲಿ.

ಒಂಬತ್ತೂವರೆಗೆ ಗುಡ್ಡ ಇಳಿದ ಮೇಲೆ ದಿನ ಇನ್ನೂ ಉದ್ದ ಉಳಿದಿರುತ್ತದೆ. ಆಗ ಡಂಬಳದ ದೊಡ್ಡಬಸಪ್ಪನ ಗುಡಿಗೆ ಹೋಗಿ. 12ನೇ ಶತಮಾನದ ಈ ಕಲ್ಯಾಣ ಚಾಲುಕ್ಯರ ಗುಡಿಯ ಗರ್ಭಗೃಹದ ಹೊರಗೋಡೆ 24 ಮೂಲೆಗಳ ನಕ್ಷತ್ರ. ಎಣಿಕೆ ಬರುವ ಮಗುವಿಗೆ ಮೂಲೆ ಎಣಿಸುತ್ತ ಸುತ್ತು ಹಾಕಲು ಹೇಳಿ. ಅಂಗಳದ ಹಾಸುಗಲ್ಲು ಆಗಲೇ ಕಾಯತೊಡಗಿರುತ್ತದೆ, ಬರಿಗಾಲಿನ ಮಕ್ಕಳಿಗೆ ಕಾಲುಚೀಲ ಬೇಕಾಗುವುದು ಆಗ. ಒಳಗೆ ಕಾಲಿಟ್ಟರೆ ತಂಪು. ದಪ್ಪ ಕಲ್ಲಿನ ಗೋಡೆ ರಾತ್ರಿಯ ತಣುವನ್ನು ಹಿಡಿದಿಟ್ಟುಕೊಂಡಿರುತ್ತದೆ, ಹೊರಗಿನ ಬಿಸಿ ಅಷ್ಟು ದಪ್ಪ ದಾಟಿ ಒಳಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಆರ್‌ಸಿಸಿ ಮನೆಯಲ್ಲಿ ಬೆಳೆದ ಮಗುವಿಗೆ ಗೋಡೆಗೆ ಬೆನ್ನು ಕೊಟ್ಟು ಕೂರಿಸಿ ಇದನ್ನು ತೋರಿಸಬಹುದು. ಊರಲ್ಲಿ ಜಪದ ಬಾವಿಯೂ ಇದೆ. ಅಲ್ಲಿ ಪ್ರತಿ ಮಗುವಿನ ಕೈ ಒಬ್ಬ ಹಿರಿಯರ ಕೈಯಲ್ಲಿರಬೇಕು. ಲಕ್ಷ್ಮೇಶ್ವರದ ಕಡೆಯವರಿಗೆ ಸೋಮೇಶ್ವರ ಗುಡಿಯ ವಿಶಾಲ ಪ್ರಾಕಾರ, ಗದಗಿನವರಿಗೆ ವೀರನಾರಾಯಣನ ಗುಡಿ ಇವೆ. ಮಧ್ಯಾಹ್ನ ಊಟ, ನಿದ್ದೆ. ಸಂಜೆ ಮಕ್ಕಳಿಗೆ ಇನ್ನೂ ಹುರುಪಿದ್ದರೆ ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯ, ವಾರದ ರಜೆ ಯಾವತ್ತೆಂದು ಕೇಳಿಕೊಂಡು ಹೋಗಿ.

ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳ ಹೆಸರು ರೈತರ ಮನೆಯ ಮಕ್ಕಳಿಗೆ ಗೊತ್ತು. ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದ ತನಕದ ಈ ಮಳೆಗಳು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲಿನೊಂದಿಗೆ ಬೀಳುತ್ತವೆ. ಬಯಲ ನಡುವೆ ಎದ್ದು ನಿಂತ ಏಣು ಸಿಡಿಲಿಗೆ ಹತ್ತಿರದ ಜಾಗ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರವಿದೆ ಎಂದು ತಿಳಿಯುತ್ತದೆ. ಮೂವತ್ತರೊಳಗೆ ಗುಡುಗು ಕೇಳಿತೆಂದರೆ ಕಾರಿನೊಳಗೆ ಅಥವಾ ಗಟ್ಟಿ ಕಟ್ಟಡದೊಳಗೆ ಇರಬೇಕು, ಕೊನೆಯ ಗುಡುಗಾಗಿ ಅರ್ಧ ತಾಸು ಕಳೆಯುವ ತನಕ ಹೊರಬರಬಾರದು. ಒಂಟಿ ಮರ, ಗಾಳಿಯಂತ್ರದ ಕಂಬ, ಗುಡಿಯ ತೆರೆದ ಚಪ್ಪರ ಇವು ಆಸರೆಯಲ್ಲ.

ಇಷ್ಟಾದರೂ ನಾಲ್ಕು ದಿನ ದೊಡ್ಡ ಗುಡ್ಡಕ್ಕೇ ಹೋಗಬೇಕೆಂಬ ಮನೆಗಳಿಗೆ ಎರಡು ಮಾತು. 1,434 ಮೀಟರಿನ ಕೆಮ್ಮಣ್ಣುಗುಂಡಿ, 1,930 ಮೀಟರಿನ ಮುಳ್ಳಯ್ಯನಗಿರಿಯ ಸುತ್ತ ಮೇನಲ್ಲೂ ನಿಜವಾದ ತಂಪು ಇದೆ. ಆದರೆ ದಾರಿಯ ತಿರುವುಗಳಲ್ಲಿ ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ವಾಂತಿ ಹೆಚ್ಚು. ಕಿವಿಯೊಳಗಿನ ಸಮತೋಲದ ಅಂಗ ಗಾಡಿ ಹೊರಳುತ್ತಿದೆ ಎನ್ನುತ್ತದೆ, ಮೊಬೈಲ್ ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ. ಈ ಜಗಳವೇ ವಾಂತಿ. ಮೊಬೈಲ್ ಕಸಿದು ಕಿಟಕಿಯಾಚೆ ದೂರದ ಗುಡ್ಡ ನೋಡಲು ಹೇಳಿ, ಹೊಟ್ಟೆ ಪೂರ್ತಿ ತುಂಬಿಸಲೂ ಬೇಡ, ಖಾಲಿ ಬಿಡಲೂ ಬೇಡ, ತಾಸಿಗೊಮ್ಮೆ ನಿಲ್ಲಿಸಿ. ಮಾತ್ರೆ ಬೇಕಿದ್ದರೆ ಮಕ್ಕಳ ವೈದ್ಯರನ್ನು ಕೇಳಿಯೇ ಕೊಡಬೇಕು.

ಮಲೆನಾಡಿನ ಬೇಸಿಗೆಗೆ ಇನ್ನೊಂದು ಎಚ್ಚರ ಬೇಕು, ಬಯಲುಸೀಮೆಯವರಿಗೆ ಇದರ ಅರಿವು ಕಡಿಮೆ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಉಣುಗು ಕಚ್ಚಿ ಹರಡುವ ಇದರ ಕಾಲ ಡಿಸೆಂಬರಿನಿಂದ ಮೇ ತನಕ, ಅಂದರೆ ನಮ್ಮ ರಜೆಯೂ ಅದರೊಳಗೇ ಬರುತ್ತದೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ ತಂಗುವುದಾದರೆ ಆ ಊರಿನ ಸುತ್ತ ಪ್ರಕರಣ ಇವೆಯೇ ಎಂದು ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ತರಗೆಲೆಯ ಮೇಲೆ ಮಕ್ಕಳನ್ನು ಕೂಡಿಸಬೇಡಿ. ಸತ್ತ ಮಂಗ ಕಂಡ ಜಾಗದಿಂದ ದೂರ ಇರಿ, ಆರೋಗ್ಯ ಇಲಾಖೆಗೆ ತಿಳಿಸಿ. ಮರಳಿದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು.

ಕಪ್ಪತಗುಡ್ಡದಿಂದ ಬಂದ ಸಂಜೆಯೂ ಮಕ್ಕಳಿಗೆ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ತಲೆಗೂದಲ ಬುಡ ಬೆರಳಾಡಿಸಿ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೀಡಿಯ ಬೆಂಕಿ ತಾಗಿಸಬೇಡಿ. ಹಾಕಿದ್ದ ಬಟ್ಟೆ ಬಿಸಿನೀರಿಗೆ ಹೋಗಲಿ, ಬೂಟು ಬಿಸಿಲಿಗೆ. ಮಾರನೆಯ ದಿನ ಮಕ್ಕಳನ್ನು ಎಲ್ಲಿಗೂ ಒಯ್ಯದೆ ಮನೆಯಲ್ಲೇ ಬಿಡಿ. ಮತ್ತೆ ಹೋಗೋಣ ಎಂದು ಅವರಾಗಿಯೇ ಕೇಳಿದರೆ ಮುಂದಿನ ವಾರದ ನಸುಕು ಗೊತ್ತು ಮಾಡಿ, ಅರಣ್ಯ ಇಲಾಖೆಗೆ ಇನ್ನೊಮ್ಮೆ ಫೋನ್ ಮಾಡಿ.